ಪೆಟ್ರೋಲ್ ವಾಸನೆಯ ರೊಟ್ಟಿ

ಹದಿನೈದು ದಿನದಿಂದ ರಜನಿಗೆ ತನ್ನ ಮೂಗಿನ ಮೇಲೇ ನಂಬಿಕೆ ಉಳಿದಿರಲಿಲ್ಲ. ಸೆರಗು ಮೂಸಿದರೆ ಪೆಟ್ರೋಲ್, ಕೈ ಮೂಸಿದರೆ ಪೆಟ್ರೋಲ್, ಬೆಳಗಿನ ಚಹಾದ ಕಪ್ಪು ಬಾಯಿಗೆ ಹಿಡಿದರೂ ಅದೇ. ಒಂದು ದಿನ ಗಂಡ ಶಂಭುಲಿಂಗನ ಅಂಗಿಯನ್ನು ಗೂಟದಿಂದ ತೆಗೆದು ಮೂಸುತ್ತ ನಿಂತಿದ್ದಳು. ಅವನು ಬಚ್ಚಲಿನಿಂದ ಹೊರಗೆ ಬಂದವನು, "ಏನ್ ಹುಡುಕಾಕತ್ತೀ? ಅನುಮಾನ ಇದ್ರ ನೇರ ಕೇಳು, ಹೇಳತೇನಿ," ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ನಗುವಂಥ ಹೊತ್ತೂ ಅದಾಗಿರಲಿಲ್ಲ.

ವಿಷಯ ಇಷ್ಟು. ಹುಬ್ಬಳ್ಳಿಯ ಗೋಕುಲ ರಸ್ತೆಯ ಹಿಂದಿನ ಓಣಿಯ ಅವರ ಮನೆಯ ಹಿತ್ತಲಲ್ಲಿ ಖಡಕ್ ರೊಟ್ಟಿ ಮಾಡುತ್ತಾರೆ. ಬಡಿಯಲು ನಾಲ್ಕು ಮಂದಿ ಹೆಣ್ಣುಮಕ್ಕಳು, ಅವರ ಮೇಲೆ ರಜನಿಯ ಅತ್ತೆ ಗೌರಕ್ಕ. ಅರವತ್ತೆಂಟರ ಗೌರಕ್ಕ ನಡುಮನೆಯಲ್ಲಿ ಲಿಂಗಪೂಜೆಗೆ ಕೂತಿದ್ದರೂ ಹಿತ್ತಲಿನ ಬಡಿಯುವ ಸಪ್ಪಳ ಕೇಳಿ, "ರುಕ್ಮವ್ವಾ, ಹಿಟ್ಟು ಇನ್ನಷ್ಟು ನಾದಬೇಕಿತ್ತು," ಎಂದು ಅಲ್ಲಿಂದಲೇ ಕೂಗುವಾಕೆ. ಮಾಡಿದ ರೊಟ್ಟಿಯನ್ನು ಮುಟ್ಟಿಸುವ ಕೆಲಸ ರಜನಿಯದು. ವಾರಕ್ಕೆ ಮೂರು ದಿನ ತನ್ನ ಕೆಂಪು ಕಾರಿನ ಹಿಂದಿನ ಸೀಟು ಮಡಚಿ, ಬಿದಿರಿನ ಬುಟ್ಟಿಗಳಿಗೆ ಬಿಳಿ ಅರಿವೆ ಹೊದಿಸಿ, ಧಾರವಾಡದ ಒಂದು ಹಾಸ್ಟೆಲ್ ಮೆಸ್ಸಿಗೆ ಒಯ್ದು ಇಳಿಸುತ್ತಿದ್ದಳು. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಇನ್ನೂರು ಮಂದಿ ಅಲ್ಲಿ ಉಣ್ಣುತ್ತಾರೆ. ನಾಲ್ಕು ಒಲೆಗಳಲ್ಲಿ ಮೂರು ಉರಿಯುವುದು ಆ ಒಂದು ಮೆಸ್ಸಿನಿಂದ. ಮೆಸ್ಸು ಕೈಬಿಟ್ಟರೆ ರುಕ್ಮವ್ವನಿಗೂ ಅವಳ ಜೋಡಿಯವರಿಗೂ "ನಾಳಿಯಿಂದ ಬರಬ್ಯಾಡ್ರಿ" ಅನ್ನಬೇಕು. ಹಾಗನ್ನಬೇಕಾದವಳು ರಜನಿ.

ರೊಟ್ಟಿಗೆ ಒಂದು ಕೆಟ್ಟ ಗುಣವಿದೆ. ಸುಟ್ಟು ಒಣಗಿಸಿದ ಮೇಲೆ ಪಕ್ಕದಲ್ಲಿ ಏನಿರುತ್ತದೋ ಅದರ ವಾಸನೆಯನ್ನು ಹೀರಿಕೊಂಡುಬಿಡುತ್ತದೆ. ಒಂದು ಬುಧವಾರ ಮೆಸ್ಸಿನ ಉಸ್ತುವಾರಿ ಫಕ್ರುಸಾಬ ಒಂದು ರೊಟ್ಟಿ ಮುರಿದು ಬಾಯಿಗಿಟ್ಟವನು ಹಾಗೇ ಕೈಗೆ ಉಗುಳಿದ. "ಅಕ್ಕಾರ, ಇದನ್ನ ಹುಡುಗೂರು ತಿಂದ್ರ ಬೆಂಕಿಕಡ್ಡಿ ದೂರ ಇಡಬೇಕಾಕ್ಕೈತಿ," ಎಂದ. ಬುಟ್ಟಿಗೆ ಬುಟ್ಟಿ ತಿರುಗಿ ಬಂತು. ಮೂವತ್ತು ವರ್ಷದಲ್ಲಿ ಗೌರಕ್ಕನ ರೊಟ್ಟಿ ತಿರುಗಿ ಬಂದದ್ದು ಅದೇ ಮೊದಲು.

ಆವತ್ತು ಗೌರಕ್ಕ ಉಣ್ಣಲಿಲ್ಲ. ಒಲೆಯ ಮುಂದೆ ಎಲ್ಲರೂ ಕೂತಿದ್ದಾಗ, "ಆಟೋದಾಗ ಹೋಗತಿದ್ದಾಗ ಹಿಂಗ ಆಗಿದ್ದಿಲ್ಲ. ಕಾರು ಬಂತು, ಇದು ಸುರುವಾತು," ಎಂದು ಗೋಡೆಗೆ ಹೇಳಿದಳು. ಆಟೋದಲ್ಲಿ ಹೋಗುತ್ತಿದ್ದಾಗ ಹುಬ್ಬಳ್ಳಿಯ ತಗ್ಗು ದಿಣ್ಣೆ ದಾಟುವಷ್ಟರಲ್ಲಿ ಅರ್ಧ ರೊಟ್ಟಿ ಪುಡಿಯಾಗುತ್ತಿತ್ತು ಎಂಬುದನ್ನು ಗೋಡೆಯೂ ಹೇಳಲಿಲ್ಲ, ರಜನಿಯೂ ಹೇಳಲಿಲ್ಲ.

ಶಂಭುಲಿಂಗನ ಗೆಳೆಯ ಜಾವೀದ ಗೋಕುಲ ರಸ್ತೆಯಲ್ಲೇ ಗ್ಯಾರೇಜು ಇಟ್ಟವನು. ಅವನು ಬಂದು ಕಾರಿಗೆ ತನ್ನ ಸ್ಕ್ಯಾನರ್ ಸಿಗಿಸಿ ನೋಡಿದ, ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ತೋರಿಸಿದ. ಮುಚ್ಚಳದ ರಬ್ಬರು ಬೇಸಿಗೆಯ ಹೊಲದಂತೆ ಬಿರಿದಿತ್ತು. "ಆವಿ ಇಲ್ಲಿಂದ ಪಾರಾಗಾಕತ್ತೇತಿ ವೈನಿ, ಮುಚ್ಚಳ ಬದಲಿ ಮಾಡ್ರಿ, ಮುಗೀತು," ಎಂದ. ರವಿವಾರ ರಜನಿ ತಾನೇ ಹೊಸ ಮುಚ್ಚಳ ತಂದು, ತಾನೇ ತಿರುಗಿಸಿ, ಟಿಕ್ ಟಿಕ್ ಅನ್ನುವ ಸಪ್ಪಳ ಎಣಿಸಿ ಹಾಕಿದಳು. ಸೋಮವಾರದ ರೊಟ್ಟಿಯನ್ನು ಫಕ್ರುಸಾಬ ಮೂಸಿ ನೋಡಿ, ಏನೂ ಅನ್ನದೆ ಒಳಗೆ ಒಯ್ದ. ರಜನಿಗೆ ಆಗ ಆದ ಸಂತೋಷ ಮದುವೆಯ ದಿನವೂ ಆಗಿರಲಿಕ್ಕಿಲ್ಲ.

ಆ ಸೋಮವಾರವೇ ಗೌರಕ್ಕ ಮಠಕ್ಕೆ ಹೋಗಿ ಬಂದಳು. ಸಂಜೆ ಕಾರಿಗೆ ನಿಂಬೆಹಣ್ಣು ನಿವಾಳಿಸಿ ಒಗೆದಳು. ಮಠದ ಅಜ್ಜಾರು ಮಂತ್ರಿಸಿ ಕೊಟ್ಟ ಕೆಂಪು ಹಳದಿ ದಾರವನ್ನು ಒಳಗಿನ ಕನ್ನಡಿಗೆ ಕಟ್ಟಿದಳು. "ಯಾರದೋ ಕಣ್ಣು ಬಿದ್ದೈತಿ," ಎಂದಳು. ರಜನಿ ಕಟ್ಟಿಸಿಕೊಂಡಳು. ಕನ್ನಡಿಗೆ ಒಂದು ದಾರ ಜೋತುಬಿದ್ದರೆ ಯಾರಿಗೇನು ಕೇಡು?

ಬುಧವಾರ ನವಲೂರು ದಾಟುವ ಹೊತ್ತಿಗೆ ಆ ವಾಸನೆ ಮತ್ತೆ ಮೂಗಿಗೆ ಹೊಡೆಯಿತು. ಸ್ಟೇರಿಂಗಿನ ಮುಂದಿನ ಫಲಕದಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿತು. ಈ ಸಲ ಬುಟ್ಟಿ ತಿರುಗಿ ಕೊಡುವಾಗ ಫಕ್ರುಸಾಬ ಚೇಷ್ಟೆ ಮಾಡಲಿಲ್ಲ. "ಅಕ್ಕಾರ, ನಿಮ್ಮ ರೊಟ್ಟಿ ಛಲೋ ಇರತಾವ, ಅದಕ್ಕ ಇಷ್ಟ ದಿವಸ ತಡದೆ. ಶನಿವಾರ ಒಂದ ಸಲ ತರ್ರಿ. ಮತ್ತ ವಾಸನಿ ಬಂತಂದ್ರ ನನ್ನ ಕೈಯಾಗ ಏನೂ ಇಲ್ಲ."

ಈಗ ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ. ಶಂಭುಲಿಂಗ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಹೋಗುವಾಗ, "ಮುಚ್ಚಳ ಒಂದ ಸಲ ಬಿಚ್ಚಿ ನೋಡಬಾರದೇನು?" ಎಂದಿದ್ದ. ರಜನಿ ಸಿಡುಕಿದ್ದಳು. "ಮುಚ್ಚಳ ನಾನ ಹೊಸಾದು ಹಾಕೇನಿ. ಅದನ್ನ ಬಿಟ್ಟು ಬ್ಯಾರೆ ಏನರ ಇದ್ರ ಹೇಳ್ರಿ." ತಾನು ಕೈಯಾರೆ ಮಾಡಿದ ಕೆಲಸವನ್ನು ತಾನೇ ಮತ್ತೆ ನೋಡುವುದೆಂದರೆ ಮನುಷ್ಯನಿಗೆ ಯಾಕೋ ಅವಮಾನ.

ಅವಳು ಜಾವೀದನಿಗೆ ಫೋನು ಹಚ್ಚಿದಳು. ಅವನು ಗದಗಿನಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದ. ಹಿಂದೆ ಬ್ಯಾಂಡು ಮೊಳಗುತ್ತಿತ್ತು.

"ಹೊಗಿ ಬಿಟ್ಟು ಎಲ್ಲಿ ಸೋರತೈತಿ ನೋಡೋ ಮಷಿನ್ ನನ್ನ ಹಂತ್ಯಾಕ ಐತ್ರಿ ವೈನಿ, ಆದ್ರ ನಾ ಬರೂದು ಸೋಮವಾರ," ಎಂದು ಅವನು ಕೂಗಿದ.

"ಸೋಮವಾರಕ್ಕ ನಮ್ಮ ಒಲಿನ ಇರೂದಿಲ್ಲ ಜಾವೀದಣ್ಣ. ಮನ್ಯಾಗ ನಾನ ಹುಡುಕಾಕ ಬರೂದಿಲ್ಲೇನು?"

ಬ್ಯಾಂಡು ಸ್ವಲ್ಪ ದೂರವಾಯಿತು. ಅವನು ಎಲ್ಲೋ ಹಿತ್ತಲಿಗೆ ಬಂದಿರಬೇಕು. "ಕೇಳ್ರಿ ಹಂಗಾರ. ಟಾಕ್ಯಾಗಿನ ಪೆಟ್ರೋಲ್ ಸುಮ್ನ ಕುಂಡ್ರೂದಿಲ್ರಿ, ಆವಿ ಆಗಿ ಏಳತಿರತೈತಿ. ಅದು ಹೊರಗ ಹೋಗಬಾರದಂತ ಬಾನೆಟ್ಟಿನ ಕೆಳಗ ಒಂದು ಕರೀ ಡಬ್ಬಿ ಇಟ್ಟಿರತಾರ. ಅದರಾಗ ಇದ್ದಲಿ. ಇದ್ದಲಿ ಆ ಆವೀನ ಹಿಡಕೊಂಡ ಕುಂತಿರತೈತಿ, ಗಾಡಿ ಚಾಲೂ ಆದಾಗ ಇಂಜಿನ್ ಅದನ್ನ ಎಳಕೊಂಡು ಸುಡತೈತಿ. ಟಾಕಿಯಿಂದ ಡಬ್ಬಿತನಕ ಎಲ್ಲೋ ಒಂದ ಕಡೆ ಸಂದು ಬಿಟ್ಟೈತಿ. ಡಬ್ಬಿಗೆ ಗಾಳಿ ತೊಗೊಳ್ಳಾಕ ಒಂದು ತೆರದ ಬಾಯಿ ಇರತೈತಿ, ಅದಕ್ಕ ಪೈಪು ಸಿಗಿಸಿ ಬಾಯಿಲೆ ಊದ್ರಿ. ಊದೂದಷ್ಟ, ಒಳಗ ಎಳಕೋಬ್ಯಾಡ್ರಿ ಮತ್ತ. ಪಂಪು ಹಚ್ಚಬ್ಯಾಡ್ರಿ, ಇಲ್ಲದ್ದೊಂದು ಒಡದೀತು. ಒಬ್ರು ಊದ್ರಿ, ಒಬ್ರು ಜೋಡಣಿ ಇದ್ದಲ್ಲೆಲ್ಲಾ ಸೋಪಿನ ನೀರು ಹಚ್ರಿ. ಗುಳ್ಳಿ ಎಲ್ಲಿ ಏಳತೈತೋ ಅಲ್ಲೇ ನಿಮ್ಮ ಕಳ್ಳ."

ಹಿಂದೆ ನಿಂತು ಕೇಳುತ್ತಿದ್ದ ಗೌರಕ್ಕ ಮೊದಲಿನ ಮಾತನ್ನಷ್ಟೇ ಹಿಡಿದುಕೊಂಡಿದ್ದಳು. "ಹೊಗಿ ಬೇಕಂತೇನು? ಕೆಂಡಕ್ಕ ಎರಡ ಹರಳು ಲೋಬಾನ ಹಾಕಿ ತರತೇನಿ ತಡಿ."

"ಅಮ್ಮಾರಿಗೆ ಹೇಳ್ರಿ ಬ್ಯಾಡ ಅಂತ!" ಫೋನಿನಲ್ಲಿ ಜಾವೀದ ಮದುಮಗಳ ತಂದೆಗಿಂತ ಹೆಚ್ಚು ಗಾಬರಿಯಾದ. "ಕಾರಿನ ಸಮೀಪ ಒಂದು ಊದಬತ್ತೀನೂ ಬರಬಾರದು. ವೈನಿ, ಹಿತ್ತಲದಾಗಿನ ಒಲಿ ಪೂರ್ತಿ ಆರಿಸಿದ ಮ್ಯಾಲೆ ಕೈ ಹಚ್ರಿ."

ರಜನಿ ಫೋನು ಇಟ್ಟು ಅತ್ತೆಯ ಮುಖ ನೋಡಿದಳು. ಆ ಮನೆಯಲ್ಲಿ ಹಾಡುಹಗಲು ಒಲೆ ಆರಿದ್ದು ಮಾವ ತೀರಿಕೊಂಡ ದಿನ ಮಾತ್ರ. ಕೇಳುವುದು ಹೇಗೆಂದು ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿರುವಾಗಲೇ ಗೌರಕ್ಕ ಹಿತ್ತಲಿಗೆ ನಡೆದಳು. ನಾಳೆಯ ರೊಟ್ಟಿ ಆಗಲೇ ಬೆಂದು ಬುಟ್ಟಿ ಸೇರಿದ್ದವು. ಬಗ್ಗಿ, ಕೊಳ್ಳಿ ಹಿರಿದು, ತಂಬಿಗೆಯ ನೀರು ಚಿಮುಕಿಸಿದಳು. ನಾಲ್ಕೂ ಒಲೆ ಬುಸ್ ಎಂದು ಕಪ್ಪಾದವು. ರುಕ್ಮವ್ವ ಬಾಯಿಗೆ ಸೆರಗು ಹಿಡಿದುಕೊಂಡಳು.

"ಏನ್ ನೋಡತಿ? ರೊಟ್ಟಿ ತಿರಗಿ ಬಂದಮ್ಯಾಲೆ ಒಲಿ ಉರದ್ರೇನು, ಆರಿದ್ರೇನು," ಎಂದಳು ಗೌರಕ್ಕ. ಆರಿದ ಕೊಳ್ಳಿಗಳನ್ನು ಗೋಡೆಗೆ ಒರಗಿಸಿದಳು.

ಊದುವವರು ಯಾರು? ಉಳಿದ ಮೂವರು ಕೆಲಸ ಮುಗಿಸಿ ಮನೆಗೆ ಹೋಗಿದ್ದರು. ರುಕ್ಮವ್ವನಿಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ರಜನಿ ಊದಿದರೆ ಸೋಪು ಹಚ್ಚಲು ಬೇರೆಯವರಿಗೆ ತಿಳಿಯುವುದಿಲ್ಲ. ಗೌರಕ್ಕ ಒಲೆಯ ಮೂಲೆಯಿಂದ ಕಬ್ಬಿಣದ ಊದುಗೊಳವೆ ಎತ್ತಿಕೊಂಡು, ಬೂದಿ ಕೊಡವಿ, ತೊಳೆದು, ಒಣಗಿದ ಅರಿವೆಯಿಂದ ಒರೆಸಿದಳು. "ಐವತ್ತು ವರ್ಷ ಒಲಿ ಊದೇನಿ. ನಿನ್ನ ಕಾರು ಒಲಿಗಿಂತ ದೊಡ್ಡದೇನು?" ಎಂದಳು. ಕೈತೋಟಕ್ಕೆ ನೀರು ಬಿಡುವ ಹಳೆಯ ಪೈಪಿನ ಒಂದು ತುಂಡು ಕತ್ತರಿಸಿ ರಜನಿ ಅದನ್ನು ಕೊಳವೆಯ ತುದಿಗೆ ಬಿಗಿದಳು. ಬಾನೆಟ್ಟು ಎತ್ತಿ, ಕಪ್ಪು ಡಬ್ಬಿ ಹುಡುಕಿ, ಜಾವೀದ ಹೇಳಿದ ಬಾಯಿಗೆ ಇನ್ನೊಂದು ತುದಿ ಸಿಗಿಸಿದಳು. ಅತ್ತೆ ಮುಂದೆ, ಸೊಸೆ ಹಿಂದೆ, ನಡುವೆ ಇಡೀ ಕಾರು. ಎತ್ತಿದ ಬಾನೆಟ್ಟು ಮರೆಯಾಗಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಎಷ್ಟೋ ದಿನದಿಂದ ಮನೆಯೊಳಗೂ ಹೆಚ್ಚುಕಡಿಮೆ ಹಾಗೇ ಇತ್ತು.

"ಊದ್ರಿ ಅತ್ತಿ."

ರಜನಿ ಮೊದಲು ಅತ್ತೆಯ ಪಕ್ಕಕ್ಕೆ ಬಂದು ಡಬ್ಬಿಯ ಸುತ್ತಲಿನ ಪೈಪುಗಳಿಗೆ ಸೋಪಿನ ನೊರೆ ಹಚ್ಚಿದಳು. ರೊಟ್ಟಿಯ ಮೇಲೆ ನೀರು ಸವರುವ ಅರಿವೆಯೇ ಕೈಯಲ್ಲಿತ್ತು. ನೊರೆ ಅಲ್ಲೇ ಕೂತು ಒಣಗಿತು. ಇಂಜಿನ್ನಿನ ಕಡೆಗೆ ಹೋಗುವ ಜೋಡಣೆ ನೋಡಿದಳು, ಏನೂ ಇಲ್ಲ. ಮತ್ತೆ ಹಿಂದೆ ಹೋಗಿ, ಗೋಣಿಚೀಲ ಹಾಸಿ ಕಾರಿನ ಕೆಳಗೆ ಅಂಗಾತ ಮಲಗಿ ಟಾಕಿಯ ಪೈಪುಗಳಿಗೆಲ್ಲ ಹಚ್ಚಿದಳು. ಸೋಪಿನ ನೀರು ಕಿವಿಯೊಳಗೆ ಇಳಿಯಿತು, ಗುಳ್ಳೆ ಮಾತ್ರ ಏಳಲಿಲ್ಲ. ಮುಂದಿನಿಂದ ನಿಮಿಷಕ್ಕೊಮ್ಮೆ "ಹ್ಞಾಂ?" ಎಂದು ಅತ್ತೆಯ ದನಿ. "ಇನ್ನೂ ಇಲ್ಲ" ಎಂದು ರಜನಿ. ಮತ್ತೆ ಉಸಿರು ತುಂಬಿಕೊಳ್ಳುವ ಸಪ್ಪಳ. ಹೊತ್ತು ನಾಲ್ಕಾಯಿತು. ಎದ್ದಳು, ಕೂತಳು, ನೋಡಿದ ಪೈಪನ್ನೇ ಮತ್ತೆ ನೋಡಿದಳು. ಕೊನೆಗೆ ಬೇಸರ ಬಂದು, ಬಟ್ಟಲಲ್ಲಿ ಉಳಿದ ನೊರೆಯನ್ನು ಸುಮ್ಮನೆ ಟಾಕಿಯ ಬಾಯಿಗೆ ಬಳಿದಳು. ಹುಡುಕಲೆಂದಲ್ಲ, ಖಾಲಿ ಮಾಡಲೆಂದು.

ಮುಚ್ಚಳದ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಉಕ್ಕುವ ಮುಂಚಿನ ಹಾಲಿನಂತೆ ಒಂದೇ ಕಡೆ, ಒಂದರ ಹಿಂದೊಂದು.

ಅವಳು ಮುಚ್ಚಳ ತಿರುಗಿಸಿ ತೆಗೆದಳು. ಟಾಕಿಯ ಕೊರಳಿಗೆ ಎರಡು ಸುತ್ತು ಕೆಂಪು ಹಳದಿ ದಾರ. ಅದರ ಗಂಟಿನ ಬಾಲ ಅಂಚಿನ ಮೇಲೆ ಅಡ್ಡ ಮಲಗಿತ್ತು. ಹೊಸ ರಬ್ಬರಿನ ಮೇಲೆ ಅದರ ಗುರುತು ಒತ್ತಿಕೊಂಡಿತ್ತು.

ಸೋಮವಾರ. ಕನ್ನಡಿಗೆ ಕಟ್ಟಿದ್ದು ಒಂದು, ಯಾರೂ ಇಲ್ಲದಾಗ ಇಲ್ಲಿ ಕಟ್ಟಿದ್ದು ಇನ್ನೊಂದು. ಈ ಮನೆಯಲ್ಲಿ ಉಪ್ಪಿನಕಾಯಿ ಕೆಡಬಾರದೆಂದು ಭರಣಿಯ ಕೊರಳಿಗೂ ಅತ್ತೆ ಹೀಗೇ ದಾರ ಕಟ್ಟುತ್ತಾಳೆ. ವಾಸನೆ ಎಲ್ಲಿಂದ ಬರುತ್ತದೋ ಆ ಬಾಯಿಗೇ ಕಟ್ಟಿದ್ದಾಳೆ.

ರಜನಿಗೆ ಸಿಟ್ಟು ನೆತ್ತಿಗೇರಿತು. ಹದಿನೈದು ದಿನ! ನಾಲ್ಕು ಮಂದಿಯ ಮುಂದೆ "ಕಾರು ಬಂತು, ಇದು ಸುರುವಾತು" ಎಂದದ್ದು ಯಾರು? ಸೋಮವಾರ ನೆಟ್ಟಗಾಗಿದ್ದನ್ನು ಬುಧವಾರದೊಳಗೆ ಕೆಡಿಸಿದ್ದು ಯಾರು? ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂದು ಗಾದೆ ಮಾಡಿದವರು ಯಾರೋ. ಇವತ್ತು ಬೆಲೆ ಕಟ್ಟಿಯೇ ಬಿಡುತ್ತೇನೆ, ರುಕ್ಮವ್ವನ ಎದುರಿಗೇ ಕಟ್ಟುತ್ತೇನೆ ಎಂದು ಅವಳು ಬಾಯಿ ತೆರೆದಳು.

ಕುಕ್ಕರಗಾಲಲ್ಲಿ ಕೂತಿದ್ದ ಅವಳಿಗೆ ಕಾರಿನ ಕೆಳಗಿಂದ ಆಚೆ ಬದಿಯಲ್ಲಿ ಅತ್ತೆಯ ಎರಡು ಕಾಲು ಕಾಣುತ್ತಿದ್ದವು. ಬಾನೆಟ್ಟು ಎತ್ತರ, ಗೌರಕ್ಕ ಗಿಡ್ಡ. ಬಾತ ಮೊಣಕಾಲಿನ ಆ ಹೆಂಗಸು ಎರಡು ತಾಸಿನಿಂದ ತುದಿಗಾಲ ಮೇಲೆ ನಿಂತು, ಹಿಮ್ಮಡಿ ಎತ್ತಿ, ಮೈಯೊಳಗಿನ ಉಸಿರನ್ನೆಲ್ಲ ಆ ಕೊಳವೆಗೆ ಹಾಕುತ್ತಿದ್ದಳು. ಮುಚ್ಚಳ ತೆಗೆದದ್ದೂ ಅವಳಿಗೆ ಗೊತ್ತಿಲ್ಲ. ಇನ್ನೂ ಊದುತ್ತಲೇ ಇದ್ದಳು.

ಸಿಟ್ಟು ಹೋಯಿತೆಂದರೆ ಸುಳ್ಳಾಗುತ್ತದೆ. ಬಾಯಿಂದ ಬಂದ ಮಾತು ಮಾತ್ರ ಬೇರೆಯಾಗಿತ್ತು.

"ಸಿಕ್ತು ಅತ್ತಿ. ಸಾಕು ಬಿಡ್ರಿ."

"ಎಲ್ಲಿತ್ತು?"

"ಮುಚ್ಚಳದಾಗ." ರಜನಿ ದಾರ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಳು. "ನಾನ ಸರಿ ಕೂಡಿಸಿದ್ದಿಲ್ಲ ಕಾಣತೈತಿ."

ಮುಂದಿನ ಕಡೆ ಗೌರಕ್ಕ ಊದುಗೊಳವೆಯನ್ನು ನೆಲಕ್ಕೆ ಕುಟ್ಟಿದಳು. "ಕೇಳಿದ್ಯಾ ರುಕ್ಮವ್ವಾ? ನಾ ಮೊದಲಿಂದ ಹೇಳಾಕತ್ತೇನಿ. ಕೈ ನೆಟ್ಟಗಿಲ್ಲದವರು ಮಷಿನ್ ಮುಟ್ಟಬಾರದು."

ರಜನಿ ತುಟಿ ಕಚ್ಚಿಕೊಂಡಳು. ತಾನೇ ಹೊಲಿದ ಅಂಗಿ, ತಾನೇ ತೊಡಬೇಕು. ಮಠದ ದಾರವನ್ನು ಕಸಕ್ಕೆ ಹಾಕುವಂತಿಲ್ಲ, ಮತ್ತೆ ಕಾರಿಗೆ ಕಟ್ಟುವಂತಿಲ್ಲ. ಹಲ್ಲಿನಿಂದ ಗಂಟು ಬಿಗಿದು ಬಲಗೈಗೆ ಕಟ್ಟಿಕೊಂಡು, ಬಳೆಗಳ ಹಿಂದೆ ಸರಿಸಿದಳು. ಮುಚ್ಚಳ ಹಾಕಿ ಇನ್ನೊಮ್ಮೆ ಊದಿಸಿದಳು. ಗುಳ್ಳೆ ಏಳಲಿಲ್ಲ. ಪೈಪು ಬಿಚ್ಚಿ ಡಬ್ಬಿಯ ಬಾಯಿ ಮೊದಲಿನಂತೆ ಬಿಟ್ಟಳು. ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು, ಕತ್ತಲಾಗುವವರೆಗೆ ಹತ್ತು ಸಲ ಬಂದು ಮೂಸಿ ಹೋದಳು. ಒಮ್ಮೆ ಇದೆ ಅನಿಸಿತು, ಒಮ್ಮೆ ಇಲ್ಲ ಅನಿಸಿತು.

ಶನಿವಾರ ಬೆಳಿಗ್ಗೆ ಬುಟ್ಟಿ ಏರಿಸುವಾಗ ಗೌರಕ್ಕ ಒಂದು ಕಡೆ ಹಿಡಿದಿದ್ದಳು. ರಜನಿ ಕೈ ಎತ್ತಿದಾಗ ಬಳೆಗಳು ಮೊಣಕೈಗೆ ಜಾರಿದವು. ಗೌರಕ್ಕನ ಕಣ್ಣು ದಾರದ ಮೇಲೆ ನಿಂತಿತು. ಅಲ್ಲಿಂದ ಕಾರಿನೊಳಗಿನ ಕನ್ನಡಿಗೆ ಹೋಯಿತು. ಕನ್ನಡಿಯ ದಾರ ಕನ್ನಡಿಯಲ್ಲೇ ಇತ್ತು. ಅವಳು ಸೊಸೆಯ ಕೈ ಹಿಡಿದು ಮೂಗಿನ ಹತ್ತಿರ ತಂದಳು. ರಾತ್ರಿಯೆಲ್ಲ ಕಳೆದರೂ ದಾರಕ್ಕೆ ಪೆಟ್ರೋಲಿನ ವಾಸನೆ ಇತ್ತು.

ಕೈ ಬಿಟ್ಟು ಗೌರಕ್ಕ ಒಳಗೆ ಹೋದಳು. ಸಿಟ್ಟಾದಳು ಎಂದುಕೊಂಡಳು ರಜನಿ. ಸಿಟ್ಟಾದರೆ ಆಗಲಿ, ನನಗೂ ಸಾಕಾಗಿದೆ ಎಂದು ಕಾರು ಚಾಲೂ ಮಾಡಿದಳು. ಅಷ್ಟರಲ್ಲಿ ಗೌರಕ್ಕ ಇಳಕಲ್ ಸೀರೆ ಉಟ್ಟು, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದು, ಮುಂದಿನ ಬಾಗಿಲು ತೆರೆದು ಕೂತಳು. ಈ ಕಾರು ಬಂದು ಎರಡು ವರ್ಷ, ಇವತ್ತಿನವರೆಗೆ ಅವಳು ಅದರಲ್ಲಿ ಕೂತು ಎಲ್ಲಿಗೂ ಹೋಗಿರಲಿಲ್ಲ.

"ನಡಿ," ಎಂದಳು.

ಉಣಕಲ್ ದಾಟಿತು, ನವನಗರ ದಾಟಿತು. ಗಾಜು ಏರಿಸಿಯೇ ಇತ್ತು. ಇಬ್ಬರೂ ಕಳ್ಳರಂತೆ ಆಗಾಗ ಗಾಳಿ ಮೂಸುತ್ತಿದ್ದರು. ನವಲೂರು ಬಂದಾಗ ರಜನಿ ಉಸಿರು ಬಿಗಿಹಿಡಿದಳು. ಆಮೇಲೆ ಬಿಟ್ಟಳು, ಮತ್ತೆ ಎಳೆದುಕೊಂಡಳು. ಜೋಳದ ವಾಸನೆ. ಬರೀ ಜೋಳದ್ದು.

ಮೆಸ್ಸಿನ ಹಿಂಬಾಗಿಲಲ್ಲಿ ಫಕ್ರುಸಾಬ ಒಂದೊಂದು ಬುಟ್ಟಿಯಿಂದ ಒಂದೊಂದು ರೊಟ್ಟಿ ತೆಗೆದು, ಮುರಿದು, ಮೂಸಿ, ಕೊನೆಗೆ ಒಂದು ತುಂಡು ಬಾಯಿಗೆ ಹಾಕಿಕೊಂಡ. ಅವನು ಅಗಿಯುವುದು ಮುಗಿಯುವ ಮೊದಲೇ ಗೌರಕ್ಕ ಕಾರಿನಿಂದ ಇಳಿದು ಅವನೆದುರು ನಿಂತಳು.

"ನಾನು ಈಕಿ ಅತ್ತಿ. ರೊಟ್ಟಿ ನನ್ನವು. ನೀವು ಬುಧವಾರ ತಿರಗಿ ಕಳಿಸಿದ್ರೆಲ್ಲಾ, ಅದು ಈಕಿ ತಪ್ಪಲ್ರಿ. ಟಾಕಿ ಬಾಯಿಗೆ ದಾರ ಕಟ್ಟಿದಾಕಿ ನಾನು. ಮುಚ್ಚಳ ಸರಿ ಕುಂಡರಲಿಲ್ಲ. ನಿನ್ನೆ ಈಕಿ ತನ್ನ ತಪ್ಪು ಅಂದ್ಲು. ನನಗ ದಾರದ್ದು ತಿಳೀಲಿಲ್ಲ, ನಾ ಮಂದಿ ಮುಂದ ಹೌದೌದು ಅಂದೆ. ಇವತ್ತ ತಿಳೀತು." ಅವಳು ನಿಂತು ಉಸಿರು ತೆಗೆದುಕೊಂಡಳು. "ನನ್ನ ಸೊಸಿ ಕೈ ನೆಟ್ಟಗೈತ್ರಿ. ಅದನ್ನ ಹೇಳಾಕ ಬಂದೆ."

ಫಕ್ರುಸಾಬನ ಬಾಯಿಯಲ್ಲಿ ಇನ್ನೂ ರೊಟ್ಟಿ ಇತ್ತು. ಅವನು ಅವಸರದಲ್ಲಿ ನುಂಗಿದ. "ಅಮ್ಮಾರ, ದಾರದ ವಿಚಾರ ನನಗ ತಿಳಿಯೂದಿಲ್ರಿ. ರೊಟ್ಟಿ ಛಲೋ ಅದಾವ. ಸೋಮವಾರ ತಪ್ಪಿಸಬ್ಯಾಡ್ರಿ."

ರಜನಿ ಬುಟ್ಟಿಯ ಮರೆಯಲ್ಲಿ ಮುಖ ತಿರುಗಿಸಿಕೊಂಡು ಅತ್ತಳು. ಹದಿನೈದು ದಿನದ ಭಾರ ಕಣ್ಣಿನಿಂದ ಇಳಿದುಹೋಯಿತು. ಒರೆಸಿಕೊಂಡು ಬಂದು ಕೂತಾಗ ಗೌರಕ್ಕ ಮುಂದಿನ ಸೀಟಿನಲ್ಲಿ ಕೈ ಕಟ್ಟಿಕೊಂಡು, ರಸ್ತೆ ನೋಡುತ್ತ ಕೂತಿದ್ದಳು. ಉಣಕಲ್ ಕೆರೆ ಕಂಡಾಗ ಅಂದಳು:

"ಫಕ್ರುಸಾಬನ ಮುಂದ ಹೇಳೂದು ಹಗುರ ಆತು. ಅವ ಯಾರೋ, ನಾ ಯಾರೋ. ರುಕ್ಮವ್ವನ ಮುಂದ ಹೇಳೂದು ಇನ್ನೂ ಬಾಕಿ ಐತಿ. ಗಾಡಿ ಸ್ವಲ್ಪ ಸಾವಕಾಶ ಹೊಡಿ."

ರಜನಿ ಸಾವಕಾಶವಾಗಿ ಹೊಡೆದಳು. ಆದರೂ ಮನೆ ಬಂದೇ ಬಂತು. ಹಿತ್ತಲಲ್ಲಿ ಒಲೆ ಹೊತ್ತಿದ್ದವು, ರೊಟ್ಟಿ ಬಡಿಯುವ ಸಪ್ಪಳ ಅಂಗಳದವರೆಗೂ ಕೇಳುತ್ತಿತ್ತು. ಗೌರಕ್ಕ ಇಳಿದು, ಚಪ್ಪಲಿಯನ್ನೂ ಬಿಡದೆ, ಅಂಗಳದಲ್ಲೇ ನಿಂತು ಕೂಗಿದಳು.

"ರುಕ್ಮವ್ವಾ, ಹಿಟ್ಟು ಬಿಟ್ಟು ಇಲ್ಲಿ ಬಾ. ಎಲ್ಲಾರನೂ ಕರಕೊಂಡ ಬಾ."